ಸೇವೆಗೆ ಸಂಬಂಧಪಡದ ಗಾಯ

ಒಂದು ಹಾಳೆಯನ್ನು ವೆಂಕಟಾಚಲ ಅವರು ಓದಿ ಹೇಳದೆಯೇ ಮಗುಚಿ ಹಾಕಿದರು. ರುದ್ರೇಶ್ ಅದನ್ನು ನೋಡಿದ. ಅಲ್ಲಿಯವರೆಗೆ ಅವರು ಪ್ರತಿ ಸಾಲಿನ ಕೆಳಗೂ ಪೆನ್ಸಿಲ್ ಆಡಿಸುತ್ತ, ಇಂಗ್ಲಿಷನ್ನು ತುಟಿಯೊಳಗೇ ಓದಿಕೊಂಡು, ಆಮೇಲೆ ನಿಧಾನವಾಗಿ ಕನ್ನಡದಲ್ಲಿ ಹೇಳುತ್ತಿದ್ದರು. ಈ ಹಾಳೆ ಬಂದಾಗ ಪೆನ್ಸಿಲ್ ಅರ್ಧದಲ್ಲಿ ನಿಂತಿತು. ಅವನ ಮುಖವನ್ನೊಮ್ಮೆ ನೋಡಿ, ಏನೂ ಆಗದವರಂತೆ ಮುಂದಿನ ಹಾಳೆಗೆ ಹೋದರು. ಆಸ್ಪತ್ರೆಯಲ್ಲಿ ಡಾಕ್ಟರುಗಳು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, ರೋಗಿಗೆ ಏನೂ ಹೇಳದೆ ಪಕ್ಕದವರ ಕೈಗೆ ದಾಟಿಸುವಾಗ ಮಾಡುವ ಮುಖ ಅದು. ಆ ಮುಖದ ಅರ್ಥ ಅವನಿಗೆ ಗೊತ್ತಿತ್ತು. ಕೇಳಬೇಕೆಂದು ಬಾಯಿಯವರೆಗೆ ಬಂದದ್ದನ್ನು ನುಂಗಿಕೊಂಡ. ಇವರು ತನ್ನಿಂದ ಒಂದು ರೂಪಾಯಿಯನ್ನೂ ಮುಟ್ಟದವರು, ಖಜಾನೆಯ ಕೆಲಸದಿಂದ ನಿವೃತ್ತರಾಗಿ ಗೋಪಾಳದ ಈ ಮನೆಯ ಕಿರಿದಾದ ವರಾಂಡದಲ್ಲಿ ಕೂತು, ಕಂಡಕಂಡ ಮಾಜಿ ಸೈನಿಕರ ಕಾಗದಗಳನ್ನು ಬಿಡಿಸಿ ಹೇಳುವವರು. ಇಂಥವರನ್ನು ಅವಸರ ಮಾಡುವುದು ಹೇಗೆ? ಸ್ವಲ್ಪ ಮುಂಚೆ ಅವರ ಹೆಂಡತಿ ಸೀತಾಲಕ್ಷ್ಮಿ ಕಾಫಿ ತಂದಾಗ, ಮಡಿಸಲು ಬಾರದ ತನ್ನ ಎಡಗಾಲನ್ನು ದಾರಿಯಿಂದ ಎಳೆದುಕೊಳ್ಳಲು ಹೋಗಿ ಟೀಪಾಯಿಗೆ ತಾಗಿಸಿ, ಕಾಫಿಯನ್ನೆಲ್ಲ ತಟ್ಟೆಗೆ ಚೆಲ್ಲಿಸಿದ್ದ. ಪರವಾಗಿಲ್ಲ ಅಂತ ಆಕೆ ಅಂದರೂ ಮೂರು ಸಲ ತಪ್ಪಾಯಿತು ಅಂದಿದ್ದ. ಮೂರನೆಯ ಸಲಕ್ಕೆ ಆಕೆಯ ಮುಖದಲ್ಲಿ ಮೂಡಿದ ಕನಿಕರ ಇನ್ನೂ ಅವನ ಕುತ್ತಿಗೆಯ ಹಿಂದೆ ಬಿಸಿಯಾಗಿ ಕೂತಿತ್ತು.

ಲಕೋಟೆ ಬಂದದ್ದು ಮೊನ್ನೆ. ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ ಮೂರು ತಿಂಗಳಾಗಿತ್ತು, ಅದನ್ನು ಬರೆದುಕೊಟ್ಟವರೂ ವೆಂಕಟಾಚಲ ಅವರೇ. ಎರಡು ದಿನ ರುದ್ರೇಶ್ ಅದನ್ನು ಒಡೆಯದೆ, ತಾನು ಕಾವಲಿರುವ ನೆಹರೂ ರಸ್ತೆಯ ಬಂಗಾರದಂಗಡಿಗೆ ಒಯ್ದು, ಸ್ಟೂಲಿನ ಕೆಳಗಿಟ್ಟುಕೊಂಡು, ಬರುವವರಿಗೆ ಹೋಗುವವರಿಗೆ ಗಾಜಿನ ಬಾಗಿಲು ತೆಗೆಯುತ್ತಿದ್ದ. ದೀಪಾವಳಿಯ ವ್ಯಾಪಾರದ ಹೊತ್ತಿನಲ್ಲಿ ಪದಕಗಳನ್ನು ಹಾಕಿಕೊಂಡು ನಿಲ್ಲಬಹುದಲ್ಲ ಅಂತ ಮಾಲೀಕರು ಕೇಳಿದ್ದರು. ಹಾಕಿಕೊಂಡೂ ನಿಂತಿದ್ದ. ಅದು ನೆನಪಾದರೆ ಈಗಲೂ ಅಂಗಿಯ ಎಡಜೇಬಿನ ಮೇಲೆ ಕೈ ಹೋಗುತ್ತದೆ.

ಬೆಳಿಗ್ಗೆ ಲಕೋಟೆ ಒಡೆಯುವ ಮುಂಚೆ ವೆಂಕಟಾಚಲ ಅವರು ಅವನಿಗೆ ಎಲ್ಲವನ್ನೂ ಮೊದಲಿನಿಂದ ತಿಳಿಸಿ ಹೇಳಿದ್ದರು. ಅವನ ಕೈಗೆ ತಿಂಗಳು ತಿಂಗಳು ಬರುತ್ತಿರುವುದು ಹದಿನೇಳು ವರ್ಷ ದುಡಿದದ್ದರ ಪಿಂಚಣಿ, ಅದಕ್ಕೂ ಕಾಲಿಗೂ ಸಂಬಂಧವಿಲ್ಲ. ಕಾಲಿಗೆಂದು ಬೇರೆಯೇ ಒಂದು ಭಾಗವಿದೆ, ಅಂಗವೈಕಲ್ಯದ್ದು. ಅದು ಸಿಗಬೇಕಾದರೆ ಎರಡು ಮಾತು ಕಾಗದದ ಮೇಲೆ ಇರಬೇಕು. ಒಂದು, ದೇಹ ಎಷ್ಟು ಕೆಟ್ಟಿದೆ ಅನ್ನುವುದು. ಅದನ್ನು ಬಿಡುಗಡೆಯ ಹೊತ್ತಿನ ವೈದ್ಯಕೀಯ ಮಂಡಳಿ ಬರೆದಿದೆ, ನೂರಕ್ಕೆ ನಲವತ್ತು, ಆಜೀವ. ಇನ್ನೊಂದು, ಕೆಟ್ಟದ್ದು ಸೇವೆಯಿಂದಲೋ ಅಲ್ಲವೋ ಅನ್ನುವುದು. ಅಲ್ಲಿ ‘ಸೇವೆಗೆ ಸಂಬಂಧಪಟ್ಟದ್ದಲ್ಲ’ ಅಂತ ಒಂದೇ ಸಾಲಿದೆ. "ಕಾಲು ಎಷ್ಟು ಹಾಳಾಗಿದೆ ಅಂತ ಡಾಕ್ಟರು ನೋಡಿ ಬರೀತಾರೆ ರುದ್ರೇಶ್. ಯಾಕೆ ಹಾಳಾಯ್ತು ಅನ್ನೋದು ಅವರಿಗೆ ಕಾಲು ನೋಡಿದ್ರೆ ಗೊತ್ತಾಗಲ್ಲ. ಅಪಘಾತ ಆದಾಗ ವಿಚಾರಣೆ ಮಾಡಿರ್ತಾರಲ್ಲ, ಆ ಕಾಗದ ನೋಡಿ ಬರೀತಾರೆ. ಅದು ನಿಮ್ಮ ಕೈಗೆ ಇವತ್ತಿನವರೆಗೂ ಬಂದಿಲ್ಲ" ಅಂದಿದ್ದರು. ಇಷ್ಟು ವರ್ಷ ಯಾಕೆ ಕೇಳಲಿಲ್ಲ ಅಂತಲೂ ಕೇಳಿದ್ದರು. ಹಳೆಯ ಕಾಗದ ಕೆದಕಿದರೆ ಇರುವ ಪಿಂಚಣಿಯೂ ನಿಂತುಹೋಗುತ್ತದೆ ಅಂತ ಕೇಳಿದ್ದೆ ಸಾರ್, ಅಂದಿದ್ದ. ಹಾಗೆಲ್ಲ ಯಾರೂ ನಿಲ್ಲಿಸಲಿಕ್ಕೆ ಬರುವುದಿಲ್ಲ, ಯಾರು ಹೇಳಿದ್ದು ನಿಮಗೆ ಅಂತ ಅವರು ಕೇಳಿದಾಗ, ರುದ್ರೇಶ್ ಹೆಮ್ಮೆಯಿಂದಲೇ ಭದ್ರಾವತಿಯ ದೇವರಾಜನ ಹೆಸರು ಹೇಳಿದ್ದ. ಒಂದೇ ತುಕಡಿಯಲ್ಲಿದ್ದವನು, ಅಪಘಾತವಾದ ಲಾರಿಯನ್ನು ಓಡಿಸುತ್ತಿದ್ದವನು, ಆಮೇಲೆ ತಿಂಗಳುಗಟ್ಟಲೆ ತನ್ನ ಹಾಸಿಗೆಯ ಪಕ್ಕದಲ್ಲಿದ್ದವನು, ಒಡಹುಟ್ಟಿದ ಅಣ್ಣನೂ ಹಾಗೆ ನೋಡಿಕೊಳ್ಳುವುದಿಲ್ಲ ಸಾರ್, ಅಂತೆಲ್ಲ. ಆಗ ಹೇಳಿದ ಒಂದೊಂದು ಮಾತೂ ಈಗ ಮಗುಚಿದ ಆ ಹಾಳೆಯ ಬೆನ್ನ ಮೇಲೆ ಕೂತಂತೆ ಅನ್ನಿಸಿ, ತಡೆಯಲಾರದೆ ಕೇಳಿಬಿಟ್ಟ. "ಆ ಹಾಳೇಲಿ ಏನಿದೆ ಸಾರ್?"

ವೆಂಕಟಾಚಲ ಅವರು ಕನ್ನಡಕ ತೆಗೆದು ಪಂಚೆಯ ತುದಿಯಿಂದ ಒರೆಸಿದರು. ಆಮೇಲೆ ಹಾಳೆಯನ್ನು ಸರಿಯಾಗಿ ತಿರುಗಿಸಿ, ಅದರಲ್ಲಿದ್ದ ಹೇಳಿಕೆಯನ್ನು ಎಲ್ಲಿಯೂ ನಿಲ್ಲದೆ ಹೇಳಿದರು. ಸಿಪಾಯಿ ರುದ್ರೇಶನಿಗೆ ಆ ದಿನ ಯಾವ ಕರ್ತವ್ಯವೂ ಇರಲಿಲ್ಲ. ಸ್ವಂತ ಸಾಮಾನು ಕೊಳ್ಳಲು ಪೇಟೆಗೆ ಹೋಗಬೇಕೆಂದು ಅವನು ಗೇಟಿನ ಆಚೆ ನಿಂತು ಕೈ ತೋರಿಸಿ ನನ್ನ ಲಾರಿ ಹತ್ತಿದ. ಅವನನ್ನು ಕರೆದೊಯ್ಯುವಂತೆ ನನಗೆ ಯಾರೂ ಆಜ್ಞೆ ಮಾಡಿರಲಿಲ್ಲ. ಇಷ್ಟೇ. ಕೆಳಗೆ ಸಹಿ. ಆ ಸಹಿಯನ್ನು ಅವನಿಗೆ ಯಾರೂ ಓದಿ ಹೇಳಬೇಕಾಗಿರಲಿಲ್ಲ. ಡಿ ಅಕ್ಷರದ ಹೊಟ್ಟೆಯನ್ನು ದೊಡ್ಡದಾಗಿ ಸುತ್ತಿ, ಅದರೊಳಗೇ ಉಳಿದ ಹೆಸರನ್ನು ಮುದುಡಿ ಕೂರಿಸುವ ಆ ಸಹಿಯನ್ನು, ತಾನು ಕೈ ಎತ್ತಲಾರದೆ ಮಲಗಿದ್ದಾಗ ದೇವರಾಜ್ ಅವ್ವನಿಗೆ ಬರೆಯುತ್ತಿದ್ದ ಕಾಗದಗಳ ಕೆಳಗೆ ಎಷ್ಟು ಸಲ ನೋಡಿಲ್ಲ. ತಾರೀಖನ್ನು ವೆಂಕಟಾಚಲ ಅವರು ಪೆನ್ಸಿಲ್‌ನಿಂದ ತೋರಿಸಿದರು. ಅಪಘಾತವಾದ ಮೂರನೆಯ ದಿನ. ಇನ್ನೂ ಒಂದಿದೆ, ನೀವು ಕೇಳಿದ್ದರಿಂದ ಹೇಳ್ತೀನಿ, ಅಂತ ಮುಂದಿನ ಹಾಳೆ ತೆಗೆದರು. ಅಲ್ಲಿ ಎರಡು ಹೆಸರು ಒಂದರ ಕೆಳಗೊಂದು. ಚಾಲಕ ದೇವರಾಜ್, ಹೆಗಲ ಮೂಳೆ ಮುರಿತ, ಕರ್ತವ್ಯದಲ್ಲಿದ್ದಾಗ ಆದದ್ದು. ಸಿಪಾಯಿ ರುದ್ರೇಶ್, ತಲೆಗೆ ಪೆಟ್ಟು, ತೊಡೆ ಮತ್ತು ಸೊಂಟದ ಮೂಳೆ ಮುರಿತ, ಕರ್ತವ್ಯದಲ್ಲಿಲ್ಲದಾಗ ಆದದ್ದು. ಹೀಗೆ ಬರೆದಿದ್ದರೆ ಅವರಿಗೆ ಆ ಹೆಗಲಿಗೆ ಅಂಗವೈಕಲ್ಯದ ಭಾಗ ಇವತ್ತಿಗೂ ಬರುತ್ತಿರಬೇಕು, ಅಂದರು. ತನಗೂ ಬರಿಯ ಪಿಂಚಣಿಯೇ ಅಂತ ದೇವರಾಜ್ ಹೇಳುತ್ತಿದ್ದದ್ದು ರುದ್ರೇಶನಿಗೆ ನೆನಪಾಯಿತು. ಅವನು ಹಾಗೆ ಹೇಳುವಾಗ ಹೆಗಲನ್ನು ಒತ್ತಿಕೊಳ್ಳುತ್ತಿದ್ದದ್ದೂ ನೆನಪಾಯಿತು. ಕಾಗದಗಳನ್ನು ಮತ್ತೆ ಲಕೋಟೆಗೆ ತುಂಬುವಾಗ ವೆಂಕಟಾಚಲ ಅವರು, ಈ ಹೇಳಿಕೆ ತಪ್ಪು ಅಂತ ಅದನ್ನು ಕೊಟ್ಟವರೇ ಪ್ರಮಾಣಪತ್ರ ಮಾಡಿಕೊಟ್ಟರೆ ಮೇಲ್ಮನವಿಗೆ ದಾರಿಯಿದೆ, ಇಲ್ಲದಿದ್ದರೆ ಬಹಳ ಕಷ್ಟ, ಅಂದರು. ಅವನು ತಲೆಯಾಡಿಸಿ ಎದ್ದ. ತಂದಿದ್ದ ಬಾಳೆಹಣ್ಣಿನ ಚೀಲವನ್ನು ಕೊಡಬೇಕೆಂಬುದು ಗೇಟು ದಾಟಿದ ಮೇಲೆ ನೆನಪಾಗಿ, ಮತ್ತೆ ಹಿಂದಕ್ಕೆ ಹೋಗಿ ವರಾಂಡದ ಕಟ್ಟೆಯ ಮೇಲಿಟ್ಟು, ಕಳ್ಳನ ಹಾಗೆ ಬಂದುಬಿಟ್ಟ.

ಭದ್ರಾವತಿಯ ಬಸ್ಸಿನಲ್ಲಿ ಸೀಟು ಸಿಕ್ಕಿತು, ಕಾಲು ಚಾಚಲು ಜಾಗ ಸಿಗಲಿಲ್ಲ. ಪಕ್ಕದವರ ಬುಟ್ಟಿಗೂ ತನ್ನ ಮಂಡಿಗೂ ನಡುವೆ ಲಕೋಟೆಯನ್ನು ನಿಲ್ಲಿಸಿಕೊಂಡು ಕೂತ. ಸಿಟ್ಟು ಬರಬೇಕಾಗಿತ್ತು. ಬರಲಿಲ್ಲ. ಅದರ ಬದಲು ಒಂದು ವಿಚಿತ್ರವಾದ ಅನುಮಾನ ಹುಟ್ಟಿತ್ತು, ಮತ್ತು ಅದು ತನ್ನ ಮೇಲೆಯೇ. ತಾನೇ ಹತ್ತಿರಬಹುದೇ? ಆ ದಿನದ ಬೆಳಗಿನ ಹಾಜರಿಯ ಹೊತ್ತಿನಿಂದ ಹನ್ನೊಂದು ದಿನಗಳ ನಂತರದ ಆಸ್ಪತ್ರೆಯ ಬಿಳಿಯ ಸೂರಿನವರೆಗೆ ಅವನಿಗೆ ಏನೆಂದರೆ ಏನೂ ನೆನಪಿಲ್ಲ. ಹಾಗಿದ್ದೂ ಹತ್ತೊಂಬತ್ತು ವರ್ಷ ಆ ದಿನವನ್ನು ಎಲ್ಲರಿಗೂ ವಿವರವಾಗಿ ಹೇಳಿಕೊಂಡು ಬಂದಿದ್ದಾನೆ. ಬೆಟ್ಟದ ರಸ್ತೆಯಲ್ಲಿ ಮಂಜು ಇತ್ತು, ತಿರುವಿನಲ್ಲಿ ಕಿತ್ತಳೆ ಮಾರುವ ಹೆಂಗಸು ಕೂತಿದ್ದಳು, ಅವಳನ್ನು ತಪ್ಪಿಸಲು ದೇವರಾಜ್ ಬಲಕ್ಕೆ ಎಳೆದ, ಆ ಕ್ಷಣದಲ್ಲಿ ತಾನು ಬೀಳುವ ಮುಂಚೆ ‘ದೇವು’ ಅಂತ ಕೂಗಿದ. ಹೆಂಡತಿ ಸುಮನಾಳಿಗೆ ಮದುವೆಯಾದ ಹೊಸತರಲ್ಲಿ ಇದನ್ನು ಹೇಳುವಾಗ ಅವಳು ಕಣ್ಣೊರೆಸಿಕೊಂಡಿದ್ದಳು. ಇದೆಲ್ಲ ದೇವರಾಜ್ ಆಸ್ಪತ್ರೆಯಲ್ಲಿ ಕಿತ್ತಳೆಯ ತೊಳೆ ಬಿಡಿಸಿ ಬಾಯಿಗಿಡುತ್ತ ದಿನಕ್ಕಿಷ್ಟು ಹೇಳಿಕೊಟ್ಟದ್ದು. ಹಾಗಾದರೆ ಆ ಹೆಂಗಸು ಇದ್ದಳೇ? ಅಥವಾ ಕೈಯಲ್ಲಿ ಕಿತ್ತಳೆ ಇದ್ದದ್ದರಿಂದ ಅವನ ಬಾಯಿಗೆ ಅವಳು ಬಂದಳೇ? ತನ್ನ ಬದುಕಿನ ಎಲ್ಲಕ್ಕಿಂತ ದೊಡ್ಡ ದಿನವನ್ನು ಇನ್ನೊಬ್ಬನ ಬಾಯಿಂದ ಪಡೆದು, ತನ್ನದೆಂದು ಹೇಳಿಕೊಂಡು ತಿರುಗಿದ್ದಾನೆ. ತಾನಾದರೂ ಆ ದಿನಕ್ಕೆ ನಿಯತ್ತಾಗಿದ್ದನೇ? ಎರಡು ವರ್ಷದ ಹಿಂದೆ ಆಗಸ್ಟ್ ಹದಿನೈದರಂದು ನವುಲೆಯ ಹತ್ತಿರದ ಒಂದು ಶಾಲೆಯಲ್ಲಿ ಸನ್ಮಾನ ಮಾಡಿದಾಗ, ಷಡಕ್ಷರಪ್ಪ ಎಂಬ ಹೆಡ್‌ಮಾಸ್ಟರು ಮೈಕಿನಲ್ಲಿ, ಶತ್ರುವಿನ ಗುಂಡಿಗೆ ಕಾಲೊಡ್ಡಿದ ಯೋಧ ಅಂತ ಹೇಳಿಬಿಟ್ಟಿದ್ದರು. ಲಾರಿ ಮಗುಚಿದ್ದು ಸಾರ್ ಅಂತ ಅವನು ಅನ್ನಬಹುದಾಗಿತ್ತು. ಚಪ್ಪಾಳೆ ಮುಗಿಯಲಿ ಅಂತ ಕಾದ. ಚಪ್ಪಾಳೆ ಮುಗಿಯಿತು, ಶಾಲು ಹೊದಿಸಿದರು, ಅವನು ಎರಡೂ ಕೈ ಎತ್ತಿ ಮುಗಿದ. ಆ ಶಾಲು ಕಪಾಟಿನಲ್ಲಿ ಸುಮನಾಳ ಸೀರೆಗಳ ಅಡಿಯಲ್ಲಿದೆ. ಅವನು ಅದನ್ನು ಒಮ್ಮೆಯೂ ಹೊದ್ದಿಲ್ಲ, ಯಾರಿಗೂ ಕೊಟ್ಟೂ ಇಲ್ಲ.

ದೇವರಾಜನ ಡ್ರೈವಿಂಗ್ ಸ್ಕೂಲು ಅವನ ಮನೆಯ ಮುಂದಿನ ಶೆಡ್ಡಿನಲ್ಲೇ ಇತ್ತು. ಅಪ್ಪ ಕಾರ್ಖಾನೆಯಲ್ಲಿದ್ದಾಗ ಕಟ್ಟಿದ ಮನೆ, ಅಕ್ಕಪಕ್ಕದ ಎರಡು ಮನೆಗಳಲ್ಲೂ ತಮಿಳಿನವರು. ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದ ದೇವರಾಜನ ತಾಯಿ ಶಕುಂತಲಮ್ಮ, ಅವನನ್ನು ಕಂಡ ಕೂಡಲೇ ಎಂದಿನ ಹಾಗೆ, "ಬಾರಪ್ಪಾ ರುದ್ರ, ಕಾಲು ಹೆಂಗಿದೆ?" ಅಂದರು. ಇಷ್ಟು ವರ್ಷ ಆ ಕೇಳುವಿಕೆಯಲ್ಲಿ ಒಂದು ತಂಪು ಇತ್ತು. ಇವತ್ತು ಈಕೆಗೆ ಗೊತ್ತೋ ಇಲ್ಲವೋ ಅಂತ ಅವರ ಮುಖವನ್ನು ದಿಟ್ಟಿಸಿ ಹುಡುಕುತ್ತ ನಿಂತ. ಗೊತ್ತಿರಲಿಲ್ಲ. ಅದು ಸ್ಪಷ್ಟವಾಗಿದ್ದರಿಂದಲೇ, ಬಸ್ಸಿನಲ್ಲಿ ಕೂಡಿಸಿಟ್ಟುಕೊಂಡು ಬಂದಿದ್ದ ಮಾತುಗಳಲ್ಲಿ ಒಂದನ್ನೂ ಅವರ ಮುಂದೆ ಆಡಲಾಗಲಿಲ್ಲ. ಚೆನ್ನಾಗಿದೆ ಅಮ್ಮ, ಅಂದ. ಒಳಗಿನಿಂದ ನಗುತ್ತ ಬಂದ ದೇವರಾಜ್, ಏನು ಮಾರಾಯ ಫೋನೂ ಮಾಡದೆ, ಅನ್ನುವಷ್ಟರಲ್ಲಿ ಲಕೋಟೆಯನ್ನೂ ಅದರ ಮೇಲಿನ ದೊಡ್ಡ ಮೊಹರನ್ನೂ ನೋಡಿದ. ನಗು ಹೋಗಲಿಲ್ಲ. ಆದರೆ ಅದರೊಳಗೆ ಇದ್ದವನು ಎದ್ದುಹೋದ. ಕಾರಿನಲ್ಲಿ ಕೂತು ಮಾತಾಡೋಣ ಬಾ, ಅಂದ.

ಮುಚ್ಚಿದ ಕಾಗದದ ಕಾರ್ಖಾನೆಯ ಕಡೆಯ ರಸ್ತೆಯಲ್ಲಿ, ಕಲಿಯುವವರನ್ನು ಕರೆತರುವ ಖಾಲಿ ಜಾಗದಲ್ಲಿ, ಒಂದು ಗೋಡೆಯ ನೆರಳಿಗೆ ಕಾರು ನಿಲ್ಲಿಸಿದ. ಕಲಿಸುವ ಕಾರಾದ್ದರಿಂದ ರುದ್ರೇಶ್ ಕೂತ ಕಡೆಯಲ್ಲೂ ಬ್ರೇಕು ಕ್ಲಚ್ಚು ಇದ್ದವು. ಅವನ ಸೆಟೆದ ಕಾಲಿಗೆ ಅವುಗಳ ನಡುವೆ ಜಾಗ ಸಾಲದೆ ಎರಡು ಸಲ ಬ್ರೇಕು ಒತ್ತಿಹೋಗಿ ದಾರಿಯಲ್ಲಿ ಕಾರು ಮುಗ್ಗರಿಸಿತ್ತು. ಲಕೋಟೆಯಿಂದ ಆ ಹಾಳೆಯನ್ನು ತೆಗೆದು ರುದ್ರೇಶ್ ಸ್ಟೀರಿಂಗಿನ ಮೇಲಿಟ್ಟ. ದೇವರಾಜ್ ಅದನ್ನು ಓದಲಿಲ್ಲ, ತಾರೀಖಿನ ಮೇಲೆ ಹೆಬ್ಬೆರಳು ಇಟ್ಟ.

"ಮೂರನೇ ದಿನ ಅದು" ಅಂದ. "ನೀನು ಉಳಿಯಲ್ಲ ಅಂದಿದ್ರು ಡಾಕ್ಟರು."

ಆಮೇಲೆ ಹೇಳುತ್ತ ಹೋದ. ಲಾರಿ ಹೊರಡುವ ಮುಂಚೆ ಜೊತೆಗೆ ಬರುವವನ ಹೆಸರನ್ನು ಗಾಡಿಯ ಪುಸ್ತಕದಲ್ಲಿ ಬರೆಯಬೇಕಾಗಿತ್ತು. ಆ ದಿನ ತಡವಾಗಿದೆ ಅಂತ ಅವನು ಬರೆದಿರಲಿಲ್ಲ. ಸಾಮಾನು ಇಳಿಸಲು ರುದ್ರೇಶನನ್ನು ಕರೆದುಕೊಂಡು ಹೋಗು ಅಂತ ಸುಬೇದಾರರು ಬಾಯಿಮಾತಿನಲ್ಲಿ ಹೇಳಿದ್ದರು, ಅವರೂ ಎಲ್ಲಿಯೂ ಬರೆದಿರಲಿಲ್ಲ. ಹೆಗಲಿಗೆ ಪಟ್ಟಿ ಕಟ್ಟಿಸಿಕೊಂಡು ಮಲಗಿದ್ದಾಗ ಅದೇ ಸುಬೇದಾರರು ಮಂಚದ ಪಕ್ಕ ಬಂದು ಕೂತರು. ಹೋಗುವವನು ಹೇಗೂ ಹೋಗುತ್ತಾನೆ, ಇರುವ ನಾವಿಬ್ಬರು ಯಾಕೆ ಹಾಳಾಗಬೇಕು, ಅವನೇ ಹತ್ತಿದ ಅಂತ ಹೇಳಿಬಿಡು ಅಂದರು. ದೇವರಾಜ್ ಒಂದು ರಾತ್ರಿ ಯೋಚಿಸಿದ. ಬೆಳಿಗ್ಗೆ ಹೇಳಿದ. ಎಂಟು ದಿನ ಕಳೆದು ರುದ್ರೇಶ್ ಕಣ್ಣು ಬಿಟ್ಟ. ಅಷ್ಟರಲ್ಲಿ ಕಾಗದ ಮೇಲಕ್ಕೆ ಹೋಗಿಯಾಗಿತ್ತು.

ಅಂದರೆ ಸತ್ತವನ ಮೇಲೆ ಹೇಳಿದ ಸುಳ್ಳು. ರುದ್ರೇಶ್ ಅದನ್ನು ಮನಸ್ಸಿನಲ್ಲಿ ಮಗುಚಿ ಮಗುಚಿ ನೋಡಿದ. ಒಂದು ಕ್ಷಣ ಅದು ಕ್ಷಮಿಸಬಹುದಾದ್ದೇ ಅನ್ನಿಸಿತು. ಸತ್ತವನಿಗೆ ಕಾಲು ಯಾಕೆ, ಪಿಂಚಣಿ ಯಾಕೆ? ಆಗ ಅವ್ವ ನೆನಪಾದಳು. ಹುಚ್ಚಮ್ಮ, ಗಂಡನಿಲ್ಲದೆ ಕಂಡವರ ಗದ್ದೆಯಲ್ಲಿ ನಾಟಿ ಮಾಡಿ ಇವನನ್ನು ಸಾಕಿದವಳು, ಆಗಿನ್ನೂ ಮದುವೆಯಾಗದ ಮಗನೊಬ್ಬನನ್ನು ಬಿಟ್ಟರೆ ಯಾರೂ ಇಲ್ಲದವಳು.

"ನಾನು ಸತ್ತಿದ್ರೆ" ಅಂದ, "ಕೆಲಸದ ಮೇಲೆ ಸತ್ತ ಅಂತ ಅವ್ವಂಗೆ ಬರಬೇಕಾದ್ದು ಬರ್ತಿರಲಿಲ್ಲ. ಅದು ಯೋಚನೆ ಮಾಡಿದ್ಯಾ ಆ ರಾತ್ರಿ?"

"ಮಾಡಿದ್ದೆ." ದೇವರಾಜ್ ಕಾರಿನ ಗಾಜಿನಾಚೆ ನೋಡುತ್ತಿದ್ದ. "ಅವ್ವನ್ನ ನಾನು ನೋಡ್ಕೋತೀನಿ ಅಂದ್ಕೊಂಡೆ."

ನೋಡಿಕೊಳ್ಳುತ್ತಿದ್ದ ಕೂಡ. ಅದರಲ್ಲಿ ರುದ್ರೇಶನಿಗೆ ಸಂಶಯವಿರಲಿಲ್ಲ, ಮತ್ತು ಅದೇ ತಡೆಯಲಾರದ ಸಂಗತಿಯಾಗಿತ್ತು. ಅವ್ವನಿಗೆ ಕಣ್ಣಿನ ಆಪರೇಷನ್ ಆದಾಗ ಹಗಲೆಲ್ಲ ಕೂತಿದ್ದವನು ಇವನು. ಅವಳು ತೀರಿಕೊಂಡಾಗ, ಕುಂಟುವ ಮಗ ಹೆಗಲು ಕೊಡಲಾರದೆ ಹಿಂದೆ ನಡೆದುಬರುತ್ತಿದ್ದಾಗ, ಅವನ ಜಾಗದಲ್ಲಿ ಹೆಗಲು ಕೊಟ್ಟವನು ಇವನು. ಅದೇ ಮುರಿದ ಹೆಗಲು. ಹತ್ತೊಂಬತ್ತು ವರ್ಷಗಳ ಆ ಎಲ್ಲ ಒಳ್ಳೆಯತನ ಈಗ ಒಂದೊಂದಾಗಿ ಎದುರಿಗೆ ಬಂದು, ನಾನು ಯಾವುದಕ್ಕಾಗಿ ಇದ್ದೆ ಅಂತ ಕೇಳುವ ಹಾಗಿತ್ತು. ಸುಳ್ಳು ಹೇಳಿದ್ದಕ್ಕಿಂತ ಇದು ಹೆಚ್ಚು. ಸುಳ್ಳು ಒಂದು ದಿನದ್ದು. ಇದು ಅವನ ಇಡೀ ನಡುವಯಸ್ಸನ್ನು ತಿಂದುಹಾಕಿತ್ತು. ಹನ್ನೊಂದನೆಯ ದಿನ ಕಣ್ಣು ಬಿಟ್ಟಾಗ ಎಲ್ಲಕ್ಕಿಂತ ಮೊದಲು ಕಂಡದ್ದು ದೇವರಾಜ್ ಮುಖ ಮುಚ್ಚಿಕೊಂಡು ಅಳುತ್ತಿದ್ದದ್ದು. ತಾನು ಬದುಕಿದ್ದಕ್ಕೆ ಒಬ್ಬ ಇಷ್ಟು ಅತ್ತನಲ್ಲ ಅಂತ ಎಷ್ಟು ಕಷ್ಟದಲ್ಲೂ ಆ ನೆನಪನ್ನು ತೆಗೆದು ನೋಡಿಕೊಂಡಿದ್ದಾನೆ.

"ನಂಗೆ ಎಚ್ಚರ ಆದಾಗ ಅತ್ಯಲ್ಲ" ಅಂದ ರುದ್ರೇಶ್. "ಯಾವುದಕ್ಕೆ ಅತ್ತಿದ್ದು? ನಾನು ಉಳ್ಕೊಂಡಿದ್ದಕ್ಕಾ, ಆ ಸುಳ್ಳಿಗಾ?"

ದೇವರಾಜ್ ತಾರೀಖಿನ ಮೇಲಿಂದ ಹೆಬ್ಬೆರಳು ತೆಗೆದ. "ಎರಡಕ್ಕೂ" ಅಂದ.

ಅಷ್ಟು ಹೊತ್ತಿನಲ್ಲಿ ಅವನು ಆಡಿದ ಮಾತುಗಳಲ್ಲಿ ರುದ್ರೇಶ್ ಪೂರ್ತಿ ನಂಬಿದ್ದು ಅದೊಂದನ್ನೇ. ಉಳಿದದ್ದನ್ನು ನಂಬಲು ಅವನಿಗೆ ಆಧಾರವಿರಲಿಲ್ಲ. ನಾನೇ ಕೈ ತೋರಿಸಿ ಹತ್ತಿದೆನಾ, ನಿಜ ಹೇಳು ಅಂತ ಕೇಳಿದ. ಇಲ್ಲ, ನಾನೇ ಕರೆದದ್ದು, ಸಾಮಾನು ಇಳಿಸಲು, ಅಂದ ದೇವರಾಜ್. ಅದೇ ಬಾಯಿ, ಅದೇ ದನಿ. ಸುಳ್ಳು ಹೇಳಿದಾಗಲೂ ಹೀಗೆಯೇ ಕಣ್ಣು ತಗ್ಗಿಸಿಕೊಂಡು ಹೇಳಿರಬೇಕು. ಕಿತ್ತಳೆಯ ಹೆಂಗಸಿನ ಬಗ್ಗೆಯೂ ಕೇಳಬೇಕೆಂದುಕೊಂಡು ಬಿಟ್ಟುಬಿಟ್ಟ. ಇದ್ದಳು ಅಂದರೂ ಅವಳು ಇನ್ನು ಮೇಲೆ ಅವನ ಪಾಲಿಗೆ ಇರುವಂತಿರಲಿಲ್ಲ. ಪ್ರಮಾಣಪತ್ರದ ಮಾತನ್ನು ರುದ್ರೇಶ್ ಎತ್ತುವ ಮುಂಚೆ ದೇವರಾಜನೇ ಕಾರು ಚಾಲೂ ಮಾಡಿ, ಏನು ಬೇಕು ಹೇಳು, ಇವತ್ತೇ ಬರೆದುಕೊಡುತ್ತೇನೆ, ಅಂದ. ಆ ಒಪ್ಪಿಗೆ ಇಷ್ಟು ಸುಲಭವಾಗಿ ಬಂದದ್ದು ರುದ್ರೇಶನಿಗೆ ಇನ್ನೊಂದು ಪೆಟ್ಟಿನ ಹಾಗೆ ತಾಗಿತು. ಕೇಳಿದ್ದರೆ ಯಾವತ್ತಾದರೂ ಕೊಡುತ್ತಿದ್ದನೇನೋ. ಕೇಳದ ಹಾಗೆ ನೋಡಿಕೊಂಡಿದ್ದ.

ಕೋರ್ಟಿನ ಎದುರಿನ ಸಾಲಿನಲ್ಲಿ ನೋಟರಿಯ ಹಲಗೆಯಿದ್ದ ಒಂದು ಚಿಕ್ಕ ಮಳಿಗೆ. ನೋಟರಿ ಊಟಕ್ಕೆ ಹೋಗಿದ್ದರು. ಕಂಪ್ಯೂಟರಿನ ಮುಂದೆ ಕೂತಿದ್ದ ಹೆಂಗಸು, ಬರುವಷ್ಟರಲ್ಲಿ ಟೈಪ್ ಮಾಡಿಟ್ಟಿರುತ್ತೇನೆ ಹೇಳಿ ಅಂದಳು. ಅಲ್ಲಿ ಒಂದೇ ಕುರ್ಚಿಯಿತ್ತು. ದೇವರಾಜ್ ಅದನ್ನು ಎಳೆದು ರುದ್ರೇಶನ ಕಡೆಗೆ ತಳ್ಳಿದ. ರುದ್ರೇಶ್ ಕೂರಲಿಲ್ಲ. ಕುರ್ಚಿ ಇಬ್ಬರ ನಡುವೆ ಖಾಲಿ ಉಳಿಯಿತು. ದೇವರಾಜ್ ಗಂಟಲು ಸರಿಮಾಡಿಕೊಂಡು, ಅಪಘಾತದಲ್ಲಿ ನನಗೂ ಪೆಟ್ಟಾಗಿ ಮನಸ್ಸು ಗೊಂದಲದಲ್ಲಿ ಇದ್ದುದರಿಂದ ಆ ದಿನ ತಪ್ಪು ಹೇಳಿಕೆ ಕೊಟ್ಟಿರುತ್ತೇನೆ ಅಂತ ಹೇಳತೊಡಗಿದ. ಹೆಂಗಸಿನ ಬೆರಳುಗಳು ಟಕಟಕನೆ ಓಡಿದವು. ಎಷ್ಟು ಚೆಂದದ ವಾಕ್ಯ. ಅದನ್ನು ಮೇಲಿನವರು ಓದಿದರೆ ಸಂತೋಷವಾಗಿ ಒಪ್ಪುತ್ತಾರೆ, ಯಾರಿಗೂ ನೋವಿಲ್ಲ. ರುದ್ರೇಶನ ಕಾಲು ಸೇವೆಗೆ ಸಂಬಂಧಪಟ್ಟದ್ದಾಗುತ್ತದೆ. ದೇವರಾಜನ ಹೆಗಲು ಇದ್ದಲ್ಲೇ ಇರುತ್ತದೆ. ಸುಮನಾ ವರ್ಷಗಳಿಂದ ಹೇಳುತ್ತಿರುವ ಸೊಂಟದ ಆಪರೇಷನ್ನಿಗೆ ತಾನು ರಜೆ ಹಾಕಿ ಮಲಗಬಹುದು, ಬಾಗಿಲು ತೆಗೆಯುವ ಕೆಲಸಕ್ಕೆ ಮತ್ತೆ ಹೋಗದೆಯೂ ಇರಬಹುದು. ಸುಮ್ಮನಿದ್ದರೆ ಸಾಕು, ಶಾಲೆಯಲ್ಲಿ ಚಪ್ಪಾಳೆ ಮುಗಿಯಲೆಂದು ಕಾದ ಹಾಗೆ. ಅವನು ಆ ವಾಕ್ಯ ಮುಗಿಯುವವರೆಗೂ ಸುಮ್ಮನಿದ್ದ.

"ಅದನ್ನ ಅಳಿಸಿ ಮೇಡಂ" ಅಂದ.

ದೇವರಾಜ್ ಅವನನ್ನು ಮಳಿಗೆಯ ಹೊರಗೆ ಕರೆದ. ನಿಂಗೆ ಬೇಕಾದ್ದು ಇದರಿಂದಲೇ ಆಗುತ್ತಲ್ಲ ಮಾರಾಯ, ಬೇಕಂತಲೇ ಸುಳ್ಳು ಹೇಳಿದೆ ಅಂತ ಬರೆದರೆ ನಂದನ್ನೂ ಕೆದಕುತ್ತಾರೆ, ಅಮ್ಮನ ಔಷಧಿ ಎಲ್ಲ ಅದರ ಮೇಲೇ ನಡೀತಿದೆ, ಅಂತ ಮೆಲ್ಲಗೆ, ಬೇಡುವವನಂತೆ ಅಲ್ಲ, ಲೆಕ್ಕ ಒಪ್ಪಿಸುವವನಂತೆ ಹೇಳಿದ. ಅದರಲ್ಲಿ ತಪ್ಪೇನೂ ಇರಲಿಲ್ಲ. ಶಕುಂತಲಮ್ಮನ ಮುಖ ರುದ್ರೇಶನ ಕಣ್ಣ ಮುಂದೆ ಬಂತು. ತನ್ನ ಅವ್ವನ ಮುಖವೂ ಬಂತು. ಒಬ್ಬ ತಾಯಿಯನ್ನು ನೋಡಿಕೊಳ್ಳಲು ಇನ್ನೊಬ್ಬ ತಾಯಿಯದನ್ನು ಕಿತ್ತುಕೊಳ್ಳಬಹುದು ಅಂತ ಇವನು ಆ ರಾತ್ರಿ ತೀರ್ಮಾನಿಸಿದ್ದ. ಈಗ ಅದೇ ತೀರ್ಮಾನವನ್ನು ತನ್ನ ಕೈಗೆ ಕೊಟ್ಟು, ಮಾಡು ನೋಡೋಣ ಅನ್ನುತ್ತಿದ್ದಾನೆ.

"ನಂಗೆ ಬರೋದು ಬರದೇ ಹೋದ್ರೂ ಹೋಗ್ಲಿ ದೇವು" ಅಂದ ರುದ್ರೇಶ್. ಅಭ್ಯಾಸಬಲದಿಂದ ಆ ಹೆಸರು ಬಂದುಬಿಟ್ಟಿತು. "ಆ ದಿನ ನಾನಿರಲಿಲ್ಲ. ಇದ್ದೋನು ನೀನೊಬ್ಬನೇ. ಈಗ್ಲೂ ನೀನು ನಿಂಗೆ ಅನುಕೂಲ ಆಗೋ ಹಾಗೆ ಬರೆಸಿದ್ರೆ, ನನ್ನ ಕಾಲು ಯಾಕೆ ಹೀಗಾಯ್ತು ಅನ್ನೋದು ಯಾರಿಗೂ ಗೊತ್ತಿಲ್ಲದೆ ಹೋಗುತ್ತೆ. ನಡೆದದ್ದು ಬರ್ಸು. ಇಲ್ಲಾಂದ್ರೆ ಬಿಡು, ನಾನು ಬಸ್ಸಿಗೆ ಹೋಗ್ತೀನಿ."

"ಅಮ್ಮಂಗೆ?"

"ನಾನು ಹೇಳಲ್ಲ."

ರಸ್ತೆಯ ಆಚೆ ಒಬ್ಬ ವಕೀಲ ಕಪ್ಪು ಕೋಟನ್ನು ತೋಳ ಮೇಲೆ ಹಾಕಿಕೊಂಡು ಎಳನೀರು ಕುಡಿಯುತ್ತಿದ್ದ. ದೇವರಾಜ್ ಅವನು ಕುಡಿದು ಮುಗಿಸುವವರೆಗೂ ಅವನನ್ನೇ ನೋಡುತ್ತ ನಿಂತ. ಆಮೇಲೆ ಒಳಗೆ ಹೋಗಿ, ಮೊದಲಿಂದ ಬರೆದುಕೊಳ್ಳಿ, ಅಂದ. ಹೆಂಗಸು ಹೊಸ ಪುಟ ತೆಗೆದಳು. ಇಂಥ ಕಾಗದಗಳು ದಿನಕ್ಕೆ ಹತ್ತು ಬರುವಲ್ಲಿ ಕೂತವಳು, ತಲೆ ಎತ್ತದೆ ಒಂದೊಂದಾಗಿ ಕೇಳುತ್ತ ಹೋದಳು. ಹೆಸರು, ತಂದೆಯ ಹೆಸರು, ವಯಸ್ಸು, ವಿಳಾಸ. ದೇವರಾಜ್ ಎಲ್ಲಕ್ಕೂ ಹಾಜರಿಗೆ ನಿಂತವನಂತೆ ನೆಟ್ಟಗೆ ಉತ್ತರ ಕೊಟ್ಟ.

"ಅರ್ಜಿದಾರರಿಗೆ ನೀವೇನಾಗ್ಬೇಕು?" ಅಂತ ಕೇಳಿದಳು.

ದೇವರಾಜನ ಬಾಯಿ ತೆರೆಯಿತು. ಯಾರು ಕೇಳಿದರೂ, ಮದುವೆಮನೆಯಲ್ಲಾಗಲಿ ಆಸ್ಪತ್ರೆಯಲ್ಲಾಗಲಿ, ಅವನು ಹಿಂದುಮುಂದು ನೋಡದೆ ಹೇಳುತ್ತಿದ್ದ ಒಂದು ಉತ್ತರವಿತ್ತು, ಅಣ್ಣ ಅಂತ. ಅದು ಬರಲಿಲ್ಲ. ಅವನು ರುದ್ರೇಶನ ಕಡೆ ತಿರುಗಿ, ಅವನೇ ಹೇಳಲಿ ಎಂಬಂತೆ ನೋಡಿದ. ಆ ಕಣ್ಣುಗಳಲ್ಲಿ ಇದ್ದದ್ದು ಆಸೆಯೇ. ಅದನ್ನು ಗುರುತಿಸಲು ರುದ್ರೇಶನಿಗೆ ಕಷ್ಟವಾಗಲಿಲ್ಲ.

"ಸಾಕ್ಷಿ ಅಂತ ಹಾಕಿ" ಅಂದ ರುದ್ರೇಶ್.

ಅವಳು ಹಾಗೆಯೇ ಹಾಕಿದಳು. ದೇವರಾಜ್ ಬೆಳಗಿನ ಹಾಜರಿಯಿಂದ ಶುರುಮಾಡಿದ. ರುದ್ರೇಶ್ ಕುರ್ಚಿಯ ಬೆನ್ನನ್ನು ಹಿಡಿದುಕೊಂಡು ನಿಂತು, ತಾನು ಇದ್ದೂ ಇಲ್ಲದ ಆ ದಿನವನ್ನು, ಗುರುತಿಲ್ಲದವನೊಬ್ಬನ ಬಾಯಿಂದ ಮೊದಲ ಸಲ ಕೇಳುವವನ ಹಾಗೆ, ಒಂದು ಮಾತೂ ಬಿಡದೆ ಕೇಳಿದ.